ಬ್ರಿಟಿಷ್ ರೇಡಿಯೊ ಮಗ್ಗುಲು ಬದಲಿಸಿದ 1967

1967ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಕೆಲವೇ ವಾರಗಳಲ್ಲಿ ಬ್ರಿಟನ್ನಿನ ರೇಡಿಯೊ ಇಪ್ಪತ್ತು ವರ್ಷಗಳ ತನ್ನ ಹಳೆಯ ರೂಪವನ್ನು ಕಳಚಿ ಹಾಕಿತು. ಕರಾವಳಿಯಾಚೆ ಲಂಗರು ಹಾಕಿಕೊಂಡು ಹಗಲಿರುಳೂ ಪಾಪ್ ಸಂಗೀತ ಬಿತ್ತರಿಸುತ್ತಿದ್ದ ಹಡಗುಗಳನ್ನು ಆಗಸ್ಟ್ 14ರ ನಡುರಾತ್ರಿ ಜಾರಿಗೆ ಬಂದ ಕಾಯ್ದೆಯೊಂದು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಿತು. ಸೆಪ್ಟೆಂಬರ್ 30ರ ಬೆಳಿಗ್ಗೆ ಬಿಬಿಸಿಯ ಹಳೆಯ ಸೇವೆಗಳ ಜಾಗದಲ್ಲಿ ರೇಡಿಯೊ 1, 2, 3, 4 ಎಂಬ ನಾಲ್ಕು ವಾಹಿನಿಗಳು ಬಂದವು. ನವೆಂಬರ್ 8ರಂದು ಲೆಸ್ಟರ್ ನಗರದಲ್ಲಿ ಬಿಬಿಸಿಯ ಮೊದಲ ಸ್ಥಳೀಯ ಕೇಂದ್ರ ಬಾಯಿ ತೆರೆಯಿತು. ಇಷ್ಟೆಲ್ಲ ನಡೆದರೂ ಹೊಸ ತಂತ್ರಜ್ಞಾನ ಯಾವುದೂ ಆ ವರ್ಷ ಹುಟ್ಟಲಿಲ್ಲ. ಟ್ರಾನ್ಸ್‌ಮೀಟರ್‌ಗಳು ಹಳೆಯವೇ, ತರಂಗಾಂತರಗಳೂ ಹೆಚ್ಚುಕಡಿಮೆ ಹಳೆಯವೇ. ಕೇಳುಗನೆಂದರೆ ಯಾರು, ಅವನಿಗೆ ಏನು ಕೊಡಬೇಕು ಎಂಬ ಎಣಿಕೆ ಮಾತ್ರ ತಲೆಕೆಳಗಾಯಿತು.

ಹಳೆಯ ಎಣಿಕೆಯನ್ನು ರೂಪಿಸಿದ್ದು ಬಿಬಿಸಿಯ ಮೊದಲ ಮುಖ್ಯಸ್ಥ ಜಾನ್ ರೀತ್. 1922ರಲ್ಲಿ ಖಾಸಗಿ ಕಂಪನಿಯಾಗಿ ಆರಂಭವಾದ ಬಿಬಿಸಿ 1927ರ ಜನವರಿ 1ರಂದು ಸಾರ್ವಜನಿಕ ನಿಗಮವಾಯಿತು. ಕೇಳುಗರು ಕಟ್ಟುವ ಲೈಸೆನ್ಸ್ ಶುಲ್ಕವೇ ಅದರ ಆದಾಯ. ಜಾಹೀರಾತಿಗೆ ಅಲ್ಲಿ ಪ್ರವೇಶವಿರಲಿಲ್ಲ, ದೇಶದೊಳಗೆ ಪ್ರತಿಸ್ಪರ್ಧಿಗಳೂ ಇರಲಿಲ್ಲ. ಜನ ಕೇಳಿದ್ದನ್ನು ಕೊಡುವುದಕ್ಕಿಂತ ಅವರಿಗೆ ಹಿತವಾದದ್ದನ್ನು ಕೊಡಬೇಕೆಂಬುದು ರೀತ್‌ರ ನಿಲುವು. ಎರಡನೇ ಮಹಾಯುದ್ಧದ ನಂತರ ಮಹಾನಿರ್ದೇಶಕ ವಿಲಿಯಂ ಹೇಲಿ ಈ ನಿಲುವಿಗೆ ಮೂರು ಅಂತಸ್ತು ಕಟ್ಟಿದರು. ಮನರಂಜನೆಗೆ 1945ರ ಜುಲೈನಲ್ಲಿ ಲೈಟ್ ಪ್ರೋಗ್ರಾಂ ಬಂತು. ಸುದ್ದಿ, ನಾಟಕ, ಪ್ರಾದೇಶಿಕ ಕಾರ್ಯಕ್ರಮಗಳಿಗೆ ಯುದ್ಧಕಾಲದಿಂದಲೂ ಇದ್ದ ಹೋಮ್ ಸರ್ವಿಸ್ ಮುಂದುವರಿಯಿತು. ಗಂಭೀರ ಸಂಗೀತ, ಸಾಹಿತ್ಯ, ವಿಚಾರಗಳಿಗೆ 1946ರ ಸೆಪ್ಟೆಂಬರ್‌ನಲ್ಲಿ ಥರ್ಡ್ ಪ್ರೋಗ್ರಾಂ ಹುಟ್ಟಿತು. ಹೇಲಿ ಇದನ್ನು ಪಿರಮಿಡ್ಡಿನಂತೆ ಕಲ್ಪಿಸಿಕೊಂಡಿದ್ದರು. ತಳದಲ್ಲಿ ಲೈಟ್, ನಡುವೆ ಹೋಮ್, ತುದಿಯಲ್ಲಿ ಥರ್ಡ್. ಕೇಳುಗರು ಕಾಲಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲಕ್ಕೆ ಬರುತ್ತಾರೆ ಎಂಬುದು ಅವರ ಆಶಯ. ಜನ ಮೇಲೇರುವ ಉತ್ಸಾಹವನ್ನೇನೂ ತೋರಲಿಲ್ಲ. ಲೈಟ್ ಪ್ರೋಗ್ರಾಂಗೆ ಕೇಳುಗರ ಬಹುಪಾಲು ಅಂಟಿಕೊಂಡಿತು. ಥರ್ಡ್ ಪ್ರೋಗ್ರಾಂ ಸಣ್ಣದೊಂದು ವಲಯದ ಅಭಿಮಾನದ ವಸ್ತುವಾಗಿಯೇ ಉಳಿಯಿತು.

ಆ ಲೈಟ್ ಪ್ರೋಗ್ರಾಂನಲ್ಲೂ ಹೊಸ ಪೀಳಿಗೆ ಬಯಸಿದ ಸಂಗೀತ ಬೇಕಾದಷ್ಟು ಸಿಗುತ್ತಿರಲಿಲ್ಲ. ಇದಕ್ಕೆ ಬಿಬಿಸಿಯ ಮಡಿವಂತಿಕೆಯೊಂದನ್ನೇ ದೂರುವುದು ರೂಢಿ. ನಿಜವಾದ ಕಟ್ಟು ಇದ್ದದ್ದು ಒಪ್ಪಂದವೊಂದರಲ್ಲಿ. ಬ್ರಿಸ್ಟಲ್‌ನ ಉಪಾಹಾರಗೃಹವೊಂದು ಗಿರಾಕಿಗಳ ಮುಂದೆ ಗ್ರಾಮಫೋನ್ ರೆಕಾರ್ಡ್ ಹಾಕಿದ್ದರ ಮೇಲೆ ರೆಕಾರ್ಡ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ, ಸಾರ್ವಜನಿಕವಾಗಿ ರೆಕಾರ್ಡ್ ನುಡಿಸಲು ಅದನ್ನು ತಯಾರಿಸಿದವರ ಅನುಮತಿ ಬೇಕೆಂದು 1930ರ ದಶಕದ ಆರಂಭದಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆ ಹಕ್ಕನ್ನು ನೋಡಿಕೊಳ್ಳಲು ರೆಕಾರ್ಡ್ ಕಂಪನಿಗಳು 1934ರಲ್ಲಿ ಫೋನೋಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿಕೊಂಡವು. ಎಲ್ಲವೂ ರೆಕಾರ್ಡಿನಲ್ಲೇ ಬಂದರೆ ವಾದ್ಯಗಾರರಿಗೆ ಕೆಲಸವಿರದೆಂದು ಸಂಗೀತಗಾರರ ಒಕ್ಕೂಟವೂ ಪಟ್ಟು ಹಿಡಿಯಿತು. ಇವೆರಡರ ನಡುವೆ ಸಿಕ್ಕ ಬಿಬಿಸಿ ದಿನಕ್ಕೆ ಕೆಲವೇ ಗಂಟೆ ವಾಣಿಜ್ಯ ರೆಕಾರ್ಡುಗಳನ್ನು ಪ್ರಸಾರ ಮಾಡಬಹುದಿತ್ತು, ಅದೂ ಎಲ್ಲ ಸೇವೆಗಳಿಗೂ ಹಂಚಿಕೊಂಡು. ‘ನೀಡಲ್ ಟೈಮ್’ ಎಂದು ಕರೆಯುತ್ತಿದ್ದುದು ಈ ಮಿತಿಯನ್ನೇ. ಉಳಿದ ಹೊತ್ತನ್ನು ಬಿಬಿಸಿಯ ಸ್ವಂತ ವಾದ್ಯಮೇಳಗಳು ತುಂಬುತ್ತಿದ್ದವು. ಅಮೆರಿಕದಿಂದ ಬಂದ ಜನಪ್ರಿಯ ಹಾಡನ್ನು ಮ್ಯಾಂಚೆಸ್ಟರ್‌ನ ನೃತ್ಯವಾದ್ಯವೃಂದ ತನ್ನದೇ ಧಾಟಿಯಲ್ಲಿ ನುಡಿಸಿದರೆ ಹದಿನಾರರ ಹುಡುಗನೊಬ್ಬನಿಗೆ ಅದು ಮೂಲದ ನೆರಳೂ ಅಲ್ಲ ಅನಿಸುವುದು ಸಹಜ.

ಹಾಗೆ ಅನಿಸಿದವರು ಸಂಜೆಯಾದರೆ 208 ಮೀಟರ್‌ಗೆ ಮುಳ್ಳು ತಿರುಗಿಸುತ್ತಿದ್ದರು. 1933ರಲ್ಲಿ ಇಂಗ್ಲಿಷ್ ಪ್ರಸಾರ ಆರಂಭಿಸಿದ್ದ ರೇಡಿಯೊ ಲಕ್ಸೆಂಬರ್ಗ್ ಪುಟ್ಟ ಯುರೋಪಿಯನ್ ದೇಶವೊಂದರಲ್ಲಿ ಕುಳಿತು ಬ್ರಿಟಿಷ್ ಕೇಳುಗರಿಗೆ ಜಾಹೀರಾತಿನ ಜೊತೆ ಹಾಡು ಕೇಳಿಸುತ್ತಿತ್ತು. ಮಧ್ಯಮ ತರಂಗ ಕತ್ತಲಾದ ಮೇಲಷ್ಟೇ ಅಷ್ಟು ದೂರ ಸಾಗುವುದರಿಂದ ಹಗಲಲ್ಲಿ ಅದು ದಕ್ಕುತ್ತಿರಲಿಲ್ಲ, ರಾತ್ರಿಯೂ ಸದ್ದು ಏರಿ ಇಳಿದು ಮಾಯವಾಗುತ್ತಿತ್ತು. ರೆಕಾರ್ಡ್ ಕಂಪನಿಗಳು ಅಲ್ಲಿನ ಸಮಯವನ್ನು ಕೊಂಡುಕೊಂಡು ತಮ್ಮ ಹಾಡುಗಳನ್ನೇ ಕೇಳಿಸುತ್ತಿದ್ದವು, ಎಷ್ಟೋ ಸಲ ಪೂರ್ತಿ ಅಲ್ಲ, ತುಣುಕು ಮಾತ್ರ. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಬಂದು ರೇಡಿಯೊ ಮನೆಯ ಪಡಸಾಲೆ ಬಿಟ್ಟು ಮಕ್ಕಳ ಮಲಗುವ ಕೋಣೆಗೂ ಕಡಲತೀರಕ್ಕೂ ಹೋಗಿತ್ತು. ಬೀಟಲ್ಸ್ ಅಲೆ ಎದ್ದಿತ್ತು. ಕೇಳುವವರು ಸಿದ್ಧರಿದ್ದರು, ಪೆಟ್ಟಿಗೆಯೂ ಕೈಯಲ್ಲಿತ್ತು, ಹಗಲು ಹೊತ್ತಿನಲ್ಲಿ ಹಾಡುವವರು ಮಾತ್ರ ಇರಲಿಲ್ಲ.

ಆ ಜಾಗಕ್ಕೆ ಬಂದದ್ದು ಐರ್ಲೆಂಡಿನ ರೋನನ್ ಓ’ರಾಹಿಲಿ. ಜಾರ್ಜಿ ಫೇಮ್ ಎಂಬ ಗಾಯಕನ ರೆಕಾರ್ಡನ್ನು ರೇಡಿಯೊದಲ್ಲಿ ಹಾಕಿಸಲು ಎಲ್ಲಿ ಹೋದರೂ ಬಾಗಿಲು ಮುಚ್ಚಿದ್ದು ಕಂಡು ಓ’ರಾಹಿಲಿ ಸ್ವಂತ ಕೇಂದ್ರದ ಯೋಚನೆಗೆ ಬಿದ್ದರೆಂಬುದು ಪ್ರಚಲಿತ ಕಥೆ. ಸ್ಕ್ಯಾಂಡಿನೇವಿಯಾ ಮತ್ತು ಹಾಲೆಂಡ್ ಕರಾವಳಿಯಲ್ಲಿ ಇಂಥ ಹಡಗು ಕೇಂದ್ರಗಳು ಅದಾಗಲೇ ನಡೆಯುತ್ತಿದ್ದವು. ಫ್ರೆಡೆರಿಸಿಯಾ ಎಂಬ ಡೆನ್ಮಾರ್ಕಿನ ಹಳೆಯ ಪ್ರಯಾಣಿಕ ಹಡಗನ್ನು ಕೊಂಡು ಐರ್ಲೆಂಡಿನ ಗ್ರೀನೋರ್ ಬಂದರಿನಲ್ಲಿ ಅದಕ್ಕೆ ಟ್ರಾನ್ಸ್‌ಮೀಟರ್, ಎತ್ತರದ ಕಂಬ ಕೂಡಿಸಲಾಯಿತು. ಅಮೆರಿಕದ ಅಧ್ಯಕ್ಷ ಕೆನಡಿಯವರ ಪುಟ್ಟ ಮಗಳ ಹೆಸರಿನಲ್ಲಿ ಅದು ‘ಕ್ಯಾರೊಲೈನ್’ ಆಯಿತು. 1964ರ ಈಸ್ಟರ್ ಶನಿವಾರ, ಮಾರ್ಚ್ 28ರಂದು, ಇಂಗ್ಲೆಂಡಿನ ಪೂರ್ವ ತೀರದ ಫೆಲಿಕ್ಸ್‌ಸ್ಟೋವ್ ಊರಿನಾಚೆ, ಮೂರು ಮೈಲಿಯ ಜಲಗಡಿಯ ಹೊರಗೆ ನಿಂತು ರೇಡಿಯೊ ಕ್ಯಾರೊಲೈನ್ ಪ್ರಸಾರ ಆರಂಭಿಸಿತು. ಅದೇ ವರ್ಷ ಜುಲೈನಲ್ಲಿ ಅದು ಎದುರಾಳಿಯಾಗಿದ್ದ ರೇಡಿಯೊ ಅಟ್ಲಾಂಟಾ ಜೊತೆ ಕೂಡಿಕೊಂಡಿತು. ಮೊದಲ ಹಡಗು ಐರಿಷ್ ಸಮುದ್ರದ ಐಲ್ ಆಫ್ ಮ್ಯಾನ್ ದ್ವೀಪದ ಬಳಿಗೆ ಹೋಗಿ ‘ಉತ್ತರ’ವಾಯಿತು, ಅಟ್ಲಾಂಟಾದ ‘ಮಿ ಅಮಿಗೊ’ ಎಸೆಕ್ಸ್ ತೀರದಾಚೆ ‘ದಕ್ಷಿಣ’ವಾಗಿ ಉಳಿಯಿತು.

ಕ್ಯಾರೊಲೈನ್ ಹೆಸರು ದೊಡ್ಡದಾದರೂ ಬ್ರಿಟಿಷ್ ರೇಡಿಯೊದ ಮುಂದಿನ ಧಾಟಿಯನ್ನು ನಿಜವಾಗಿ ತಿದ್ದಿದ್ದು ರೇಡಿಯೊ ಲಂಡನ್. ಅಮೆರಿಕನ್ ಹಣ, ಅಮೆರಿಕನ್ ನೌಕಾಪಡೆಯಿಂದ ನಿವೃತ್ತವಾದ ಗ್ಯಾಲಕ್ಸಿ ಎಂಬ ಹಡಗು, ಅಮೆರಿಕನ್ ಕಾರ್ಯಶೈಲಿ. 1964ರ ಡಿಸೆಂಬರ್ 23ರಂದು ಆರಂಭವಾದ ಇದರಲ್ಲಿ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಯೇ ಆಧಾರ. ಆ ಪಟ್ಟಿ ಸುತ್ತಿಸುತ್ತಿ ಬರುತ್ತಿತ್ತು. ನಡುನಡುವೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಹಾಡಿಸಿ ತಂದ ಪುಟಾಣಿ ಜಿಂಗಲ್‌ಗಳು ಕೇಂದ್ರದ ಹೆಸರನ್ನು ಕಿವಿಗೆ ಒತ್ತುತ್ತಿದ್ದವು. ನಿರೂಪಕ ಬರೆದುಕೊಂಡದ್ದನ್ನು ಓದುತ್ತಿರಲಿಲ್ಲ, ಬಾಯಿಗೆ ಬಂದಂತೆ ಮಾತಾಡುತ್ತಿದ್ದ. ರೆಕಾರ್ಡನ್ನೂ ತಾನೇ ಹಾಕುತ್ತಿದ್ದ. ಬಿಬಿಸಿಯಲ್ಲಿ ಮಾತಿಗೊಬ್ಬ, ರೆಕಾರ್ಡ್ ತಿರುಗಿಸಲು ಇನ್ನೊಬ್ಬ, ಮೇಲ್ವಿಚಾರಣೆಗೆ ಮತ್ತೊಬ್ಬ ಇದ್ದ ಕಾಲವದು. ಕೆನ್ನಿ ಎವರೆಟ್‌ರ ಹುಚ್ಚಾಟದ ಹಾಸ್ಯ, ಟೋನಿ ಬ್ಲ್ಯಾಕ್‌ಬರ್ನ್‌ರ ಲವಲವಿಕೆ, ಅಪರಾತ್ರಿಯಲ್ಲಿ ಜಾನ್ ಪೀಲ್ ಕೇಳಿಸುತ್ತಿದ್ದ ಅಪರಿಚಿತ ಸಂಗೀತ ಎಲ್ಲವೂ ಅಲೆಗಳ ಮೇಲೆ ಓಲಾಡುತ್ತಿದ್ದ ಇಂಥ ಇಕ್ಕಟ್ಟಿನ ಕ್ಯಾಬಿನ್‌ಗಳಲ್ಲೇ ಪಳಗಿದವು.

ಹಡಗು ಕೊಳ್ಳಲಾಗದವರು ಥೇಮ್ಸ್ ಅಳಿವೆಯಲ್ಲಿ ಯುದ್ಧಕಾಲದ ವಿಮಾನನಿರೋಧಕ ಕೋಟೆಗಳನ್ನು ಹತ್ತಿದರು. ನೀರಿನಲ್ಲಿ ಕಾಲೂರಿ ನಿಂತ, ಸೈನ್ಯ ಬಿಟ್ಟುಹೋಗಿದ್ದ ಈ ಕಾಂಕ್ರೀಟ್ ಮತ್ತು ಉಕ್ಕಿನ ಗೋಪುರಗಳಲ್ಲಿ ರೇಡಿಯೊ ಸಿಟಿ, ರೇಡಿಯೊ ಎಸೆಕ್ಸ್, ರೇಡಿಯೊ 390 ಬಿಡಾರ ಹೂಡಿದವು. ಈ ವ್ಯವಹಾರಕ್ಕೆ ರಮ್ಯತೆಯ ಬಣ್ಣ ಬಳಿಯುವವರು 1966ರ ಜೂನ್ ತಿಂಗಳನ್ನು ನೆನೆಯಬೇಕು. ಟ್ರಾನ್ಸ್‌ಮೀಟರ್ ಒಂದರ ಒಡೆತನದ ಜಗಳದಲ್ಲಿ, ಅಟ್ಲಾಂಟಾ ಸ್ಥಾಪಕರಲ್ಲೊಬ್ಬರಾದ ಆಲಿವರ್ ಸ್ಮೆಡ್ಲಿ ಆಳುಗಳನ್ನು ಕಳಿಸಿ ರೇಡಿಯೊ ಸಿಟಿಯ ಕೋಟೆಯನ್ನು ವಶಪಡಿಸಿಕೊಂಡರು. ಕೇಂದ್ರದ ಒಡೆಯ ರೆಜಿನಾಲ್ಡ್ ಕ್ಯಾಲ್ವರ್ಟ್ ಮರುದಿನ ರಾತ್ರಿ ಸ್ಮೆಡ್ಲಿ ಮನೆಗೆ ನುಗ್ಗಿದರು, ಅಲ್ಲೇ ಗುಂಡೇಟಿಗೆ ಬಲಿಯಾದರು. ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದ್ದೆಂದು ಒಪ್ಪಿ ಜ್ಯೂರಿ ಸ್ಮೆಡ್ಲಿಯನ್ನು ಖುಲಾಸೆ ಮಾಡಿತು. ಅಲ್ಲಿಯವರೆಗೆ ಮೀನಮೇಷ ಎಣಿಸುತ್ತಿದ್ದ ಹೆರಾಲ್ಡ್ ವಿಲ್ಸನ್‌ರ ಲೇಬರ್ ಸರ್ಕಾರಕ್ಕೆ ಇನ್ನು ಸುಮ್ಮನಿರಲಾಗಲಿಲ್ಲ.

ಸರ್ಕಾರದ ತಕರಾರು ಸಂಗೀತದ ಮೇಲಲ್ಲ. ಯಾವ ದೇಶ ಯಾವ ತರಂಗಾಂತರ ಬಳಸಬೇಕೆಂಬುದು ಅಂತರರಾಷ್ಟ್ರೀಯ ಒಪ್ಪಂದದಿಂದ ನಿಗದಿಯಾದ ವಿಷಯ. ಹಡಗುಗಳು ಯಾರನ್ನೂ ಕೇಳದೆ ಕಂಡ ತರಂಗಾಂತರ ಹಿಡಿದಿದ್ದವು, ಯುರೋಪಿನ ಬೇರೆ ಕೇಂದ್ರಗಳಿಗೂ ನೌಕಾಸಂಪರ್ಕಕ್ಕೂ ಅಡ್ಡಿಯಾಗುತ್ತಿದ್ದವು. ಹಾಡಿನ ಹಕ್ಕುದಾರರಿಗೆ ಹಣ ಸಂದಾಯವೂ ಸರಿಯಾಗಿ ಆಗುತ್ತಿರಲಿಲ್ಲ. ಇವೆಲ್ಲ ನಿಜವಾದ ದೂರುಗಳೇ. ಇವುಗಳ ಹಿಂದೆ ಇನ್ನೊಂದು ಅಳುಕೂ ಇತ್ತು: ಜಾಹೀರಾತಿನಿಂದ ನಡೆಯುವ ರೇಡಿಯೊ ಬ್ರಿಟನ್ನಿನಲ್ಲಿ ಬೇರು ಬಿಟ್ಟರೆ ಬಿಬಿಸಿಯ ಏಕಸ್ವಾಮ್ಯ ಉಳಿಯದು. ಆದರೆ ಜಲಗಡಿಯಾಚೆ, ವಿದೇಶಿ ಧ್ವಜದಡಿ ನಿಂತ ಹಡಗಿನ ಮೇಲೆ ಬ್ರಿಟಿಷ್ ಪೊಲೀಸರು ಕಾಲಿಡುವಂತಿರಲಿಲ್ಲ. 1965ರ ಜನವರಿಯಲ್ಲಿ ಯುರೋಪ್ ಮಂಡಳಿ ಸ್ಟ್ರಾಸ್‌ಬರ್ಗ್‌ನಲ್ಲಿ ರೂಪಿಸಿದ ಒಪ್ಪಂದ ಇದಕ್ಕೊಂದು ದಾರಿ ತೋರಿಸಿತ್ತು. ಹಡಗನ್ನು ಮುಟ್ಟುವ ಗೋಜಿಗೇ ಹೋಗದೆ ಅದನ್ನು ಸಾಕುವವರ ಕೈ ಕಟ್ಟುವುದು ಆ ದಾರಿ.

1967ರ ಜುಲೈ 14ರಂದು ರಾಣಿಯ ಅಂಕಿತ ಪಡೆದ ಸಾಗರ ಪ್ರಸಾರ ಅಪರಾಧಗಳ ಕಾಯ್ದೆ ಇದೇ ತಂತ್ರವನ್ನು ಅಕ್ಷರಶಃ ಪಾಲಿಸಿತು. ಬ್ರಿಟಿಷ್ ಪ್ರಜೆಗಳು ಇಂಥ ಕೇಂದ್ರಗಳಲ್ಲಿ ದುಡಿಯುವುದು, ಅಲ್ಲಿಗೆ ಎಣ್ಣೆ, ನೀರು, ದಿನಸಿ ಒಯ್ಯುವುದು, ಜನರನ್ನು ದೋಣಿಯಲ್ಲಿ ಕರೆದೊಯ್ಯುವುದು, ಕಾರ್ಯಕ್ರಮ ತಯಾರಿಸಿ ಕೊಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಜಾಹೀರಾತು ನೀಡುವುದು ಅಪರಾಧವಾಯಿತು. ಶಿಕ್ಷೆ ಎರಡು ವರ್ಷದವರೆಗೆ ಸೆರೆವಾಸ, ದಂಡ, ಇಲ್ಲವೆ ಎರಡೂ. ಲಕ್ಷಾಂತರ ಕೇಳುಗರನ್ನು ಕಾಯ್ದೆ ಗುರಿ ಮಾಡಲಿಲ್ಲ. ಅದು ಹೊಡೆದದ್ದು ಕೇಂದ್ರಗಳ ಹೊಟ್ಟೆಗೆ. ಪ್ರಸಾರದ ಹೊಣೆಯೂ ಇದ್ದ ಸಚಿವ ಹುದ್ದೆಯಾದ ಪೋಸ್ಟ್‌ಮಾಸ್ಟರ್ ಜನರಲ್ ಆಗಿ ಈ ಕೆಲಸ ಆರಂಭಿಸಿದ್ದ ಟೋನಿ ಬೆನ್ ಅಷ್ಟರಲ್ಲಿ ಬೇರೆ ಖಾತೆಗೆ ಹೋಗಿದ್ದರು, ಮುಗಿಸಿದ್ದು ಎಡ್ವರ್ಡ್ ಶಾರ್ಟ್. ಕೋಟೆಗಳ ವಿಷಯಕ್ಕೆ ಹೊಸ ಕಾಯ್ದೆ ಬರುವವರೆಗೂ ಕಾಯಬೇಕಾಗಿರಲಿಲ್ಲ. ಅವು ಬ್ರಿಟನ್ನಿನ ಜಲಗಡಿಯೊಳಗೇ ಇವೆಯೆಂದು ನ್ಯಾಯಾಲಯಗಳು ಹೇಳಿದ್ದರಿಂದ 1949ರ ಹಳೆಯ ವೈರ್‌ಲೆಸ್ ಕಾಯ್ದೆಯೇ ಸಾಕಾಯಿತು.

ಒಂದೆಡೆ ಮಾತ್ರ ತೊಡಕು ಬಂತು. ಐಲ್ ಆಫ್ ಮ್ಯಾನ್ ಬ್ರಿಟಿಷ್ ರಾಜಮನೆತನಕ್ಕೆ ಅಧೀನವಾದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಟಿನ್‌ವಾಲ್ಡ್ ಎಂಬ ಪ್ರಾಚೀನ ಶಾಸನಸಭೆ ಅದಕ್ಕಿದೆ. ತಮ್ಮ ತೀರದಾಚೆ ನಿಂತ ಕ್ಯಾರೊಲೈನ್ ದ್ವೀಪಕ್ಕೆ ಪ್ರವಾಸಿಗರನ್ನು ಕರೆಯುವ ಪುಕ್ಕಟೆ ಪ್ರಚಾರ ಎಂದುಕೊಂಡಿದ್ದ ಆ ಸಭೆ ಮಸೂದೆಯನ್ನು ತಿರಸ್ಕರಿಸಿತು. ಲಂಡನ್ ಸರ್ಕಾರ ರಾಜಾಜ್ಞೆಯ ಮೂಲಕ ಕಾಯ್ದೆಯನ್ನು ದ್ವೀಪದ ಮೇಲೆ ಹೇರಿತು, ಸೆಪ್ಟೆಂಬರ್ ಹುಟ್ಟುವ ಹೊತ್ತಿಗೆ ಅಲ್ಲಿಯೂ ಅದು ಜಾರಿಗೆ ಬಂತು. ಪುಟ್ಟ ದ್ವೀಪದ ಸ್ವಾಯತ್ತತೆಯ ವಾದಕ್ಕೆ ಪಾಪ್ ರೇಡಿಯೊ ನೆಪವಾದದ್ದು ಈ ಪ್ರಕರಣದ ವಿಚಿತ್ರ ಅಡ್ಡಫಲ.

ಆಗಸ್ಟ್ 14ರ ಸೋಮವಾರ ಮಧ್ಯಾಹ್ನ 3 ಗಂಟೆಗೆ, ಗಡುವಿಗೆ ಒಂಬತ್ತು ಗಂಟೆ ಮೊದಲೇ, ರೇಡಿಯೊ ಲಂಡನ್ ಬೀಟಲ್ಸ್ ಹಾಡಿನೊಂದಿಗೆ ಮುಚ್ಚಿಕೊಂಡಿತು. ಯಾರ್ಕ್‌ಷೈರ್ ಕರಾವಳಿಯ ರೇಡಿಯೊ 270, ಉತ್ತರದ ರೇಡಿಯೊ ಸ್ಕಾಟ್ಲೆಂಡ್ ಅದೇ ದಿನ ಮೌನವಾದವು. ಕ್ಯಾರೊಲೈನ್ ಮಾತ್ರ ಶರಣಾಗಲಿಲ್ಲ. ಕಚೇರಿಯನ್ನು ಆಮ್‌ಸ್ಟರ್‌ಡ್ಯಾಮ್‌ಗೆ ಸಾಗಿಸಿ, ಸಾಮಗ್ರಿಯನ್ನು ಹಾಲೆಂಡಿನಿಂದ ತರಿಸಿಕೊಂಡು, ನಡುರಾತ್ರಿ ದಾಟಿದ ಮೇಲೂ ಪ್ರಸಾರ ಮುಂದುವರಿಸಿತು. ದಕ್ಷಿಣದ ಹಡಗಿನಲ್ಲಿ ಆ ಹೊತ್ತು ಜಾನಿ ವಾಕರ್ ಮತ್ತು ರಾಬಿ ಡೇಲ್ ಇದ್ದರು. ಅವರ ಧೈರ್ಯ ದೊಡ್ಡದೇ. ಆದರೆ ಜಾಹೀರಾತು ಕೊಡುವವರು ಕಾಯ್ದೆಗೆ ಹೆದರಿ ಹಿಂದೆ ಸರಿದ ಮೇಲೆ ಹಡಗು ಎಷ್ಟು ದಿನ ನಡೆದೀತು? 1968ರ ಮಾರ್ಚ್ 3ರಂದು, ಸಾಮಗ್ರಿ ಪೂರೈಸುತ್ತಿದ್ದ, ಬಾಕಿ ಹಣ ಬಾರದ ಡಚ್ ಕಂಪನಿಯೇ ಎರಡೂ ಹಡಗುಗಳನ್ನು ಎಳೆದೊಯ್ದಿತು. ಕಾನೂನು ಲೆಕ್ಕ ಹಾಕಿದಂತೆಯೇ ಆಯಿತು, ಆರೂವರೆ ತಿಂಗಳು ತಡವಾಗಿ.

ಕೇಳುಗರಿಂದ ಹಾಡು ಕಿತ್ತುಕೊಂಡ ಸರ್ಕಾರ ಬದಲಿಗೆ ಏನಾದರೂ ಕೊಡಲೇಬೇಕಿತ್ತು. ಅವರಲ್ಲಿ ಬಹಳ ಮಂದಿ ಇನ್ನೇನು ಮತದಾರರಾಗುವ ವಯಸ್ಸಿನವರು. 1966ರ ಡಿಸೆಂಬರ್‌ನ ಶ್ವೇತಪತ್ರದಲ್ಲಿ ಬಿಬಿಸಿಯೇ ಪಾಪ್ ಸಂಗೀತದ ವಾಹಿನಿಯೊಂದನ್ನು ನಡೆಸಬೇಕೆಂಬ ತೀರ್ಮಾನ ಹೊರಬಿತ್ತು. ಹೊಸ ತರಂಗಾಂತರ ಇರಲಿಲ್ಲವಾದ್ದರಿಂದ ಲೈಟ್ ಪ್ರೋಗ್ರಾಂ ಅನ್ನೇ ಸೀಳಲಾಯಿತು: ಅದರ 247 ಮೀಟರ್ ಮಧ್ಯಮ ತರಂಗ ರೇಡಿಯೊ 1ಕ್ಕೆ, 1500 ಮೀಟರ್ ದೀರ್ಘ ತರಂಗ ರೇಡಿಯೊ 2ಕ್ಕೆ. ಎರಡರ ಹೊಣೆಯೂ ರಾಬಿನ್ ಸ್ಕಾಟ್ ಎಂಬ ಒಬ್ಬರೇ ನಿಯಂತ್ರಕರಿಗೆ ಬಂತು. ನಿರೂಪಕರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಕಡಲಿನಲ್ಲಿ ಕೆಲಸ ಕಳೆದುಕೊಂಡ ಪಡೆಯೇ ದಡದಲ್ಲಿ ಕಾಯುತ್ತಿತ್ತು. ಬ್ಲ್ಯಾಕ್‌ಬರ್ನ್, ಎವರೆಟ್, ಪೀಲ್, ಕೀತ್ ಸ್ಕ್ಯೂಸ್, ಎಡ್ ಸ್ಟೀವರ್ಟ್ ಮೊದಲಾದವರು ಬಿಬಿಸಿ ಸೇರಿದರು. ರೇಡಿಯೊ ಲಂಡನ್‌ಗೆ ಜಿಂಗಲ್ ಮಾಡಿಕೊಟ್ಟಿದ್ದ ಡಲ್ಲಾಸ್‌ನ ಕಂಪನಿಗೇ ಬಿಬಿಸಿ ತನ್ನ ಜಿಂಗಲ್‌ಗಳನ್ನೂ ಒಪ್ಪಿಸಿತು. ಹಲವು ರಾಗಗಳು ಅವೇ, ಹೆಸರಷ್ಟೇ ಬೇರೆ. ಕಳ್ಳರೆಂದು ಅಟ್ಟಿದವರ ಗಂಟಲು, ರಾಗ, ಧಾಟಿ ಮೂರನ್ನೂ ಆರೇಳು ವಾರಗಳಲ್ಲಿ ಸರ್ಕಾರಿ ಸನ್ನದಿನ ಸಂಸ್ಥೆ ತನ್ನದಾಗಿಸಿಕೊಂಡದ್ದು ಬ್ರಿಟಿಷ್ ಆಡಳಿತದ ಜಾಣತನಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ ಎಂಬುದನ್ನು ಸೇರಿಸಬೇಕು.

ಸೆಪ್ಟೆಂಬರ್ 30, ಶನಿವಾರ, ಬೆಳಿಗ್ಗೆ 7 ಗಂಟೆ. ಸ್ಕಾಟ್ ಐದರಿಂದ ಹಿಂದಕ್ಕೆ ಎಣಿಸುತ್ತ ಬಂದರು. ಮೂರರ ನಂತರ ಎರಡು, ಒಂದರ ಬದಲು ರೇಡಿಯೊ 2, ರೇಡಿಯೊ 1 ಎಂದು ಹೇಳಿ ವಾಹಿನಿಗಳನ್ನು ಬೇರ್ಪಡಿಸಿದರು. ಬೀಟಲ್ಸ್ ತಂಡದ ನಿರ್ಮಾಪಕ ಜಾರ್ಜ್ ಮಾರ್ಟಿನ್ ಇದಕ್ಕೆಂದೇ ರಚಿಸಿದ್ದ ಮುದ್ರಾಸಂಗೀತ ಮೊಳಗಿತು. 24 ವರ್ಷದ ಟೋನಿ ಬ್ಲ್ಯಾಕ್‌ಬರ್ನ್ ಮೊದಲ ಪೂರ್ಣ ಹಾಡಾಗಿ ದಿ ಮೂವ್ ತಂಡದ ‘ಫ್ಲವರ್ಸ್ ಇನ್ ದಿ ರೇನ್’ ಹಾಕಿದರು. ಈ ಆಯ್ಕೆಯಲ್ಲೊಂದು ತಮಾಷೆಯಿದೆ. ಆ ಹಾಡಿನ ಪ್ರಚಾರಕ್ಕೆಂದು ತಂಡದ ವ್ಯವಸ್ಥಾಪಕ ಪ್ರಧಾನಿ ವಿಲ್ಸನ್‌ರನ್ನು ಅವಹೇಳನ ಮಾಡುವ ವ್ಯಂಗ್ಯಚಿತ್ರದ ಪೋಸ್ಟ್‌ಕಾರ್ಡ್ ಹಂಚಿದ್ದರು. ವಿಲ್ಸನ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಹಾಡಿನ ಗೌರವಧನವೆಲ್ಲ ಪ್ರಧಾನಿ ಸೂಚಿಸಿದ ದತ್ತಿ ಸಂಸ್ಥೆಗಳ ಪಾಲಾಯಿತು. ಕಡಲ ಕೇಂದ್ರಗಳನ್ನು ಮುಚ್ಚಿಸಿದ ಪ್ರಧಾನಿಯ ಹೆಸರು, ಅವುಗಳ ಬದಲಿಗೆ ಬಂದ ವಾಹಿನಿಯ ಮೊದಲ ಹಾಡಿಗೆ ಹೀಗೆ ಶಾಶ್ವತವಾಗಿ ತಗಲಿಕೊಂಡಿತು.

ಕೇಳುಗರಿಗೆ ಸಿಕ್ಕದ್ದು ಅರ್ಧ ರೇಡಿಯೊ ಲಂಡನ್, ಅರ್ಧ ಲೈಟ್ ಪ್ರೋಗ್ರಾಂ. ನೀಡಲ್ ಟೈಮ್ ಸ್ವಲ್ಪ ಹೆಚ್ಚಿತೇ ಹೊರತು ತೊಲಗಲಿಲ್ಲ. ದಿನವಿಡೀ ರೆಕಾರ್ಡ್ ಹಾಕುವ ಸ್ವಾತಂತ್ರ್ಯ ಕಡಲಿನವರಿಗೆ ಇದ್ದದ್ದು ಅವರು ಯಾರಿಂದಲೂ ಅನುಮತಿ ಪಡೆಯದಿದ್ದರಿಂದ. ಬಿಬಿಸಿಗೆ ಆ ಸೌಕರ್ಯವಿಲ್ಲ. ಅದಕ್ಕಾಗಿ ರೇಡಿಯೊ 1 ಮತ್ತು 2 ದಿನದ ಹಲವು ಗಂಟೆ ಒಂದೇ ಕಾರ್ಯಕ್ರಮವನ್ನು ಹಂಚಿಕೊಂಡವು. ಜಿಮಿ ಹೆಂಡ್ರಿಕ್ಸ್ ಬೇಕೆಂದ ಹುಡುಗನೂ ಹಳೆಯ ನೃತ್ಯಸಂಗೀತ ಬೇಕೆಂದ ಅವನ ಅಜ್ಜಿಯೂ ಆ ಹೊತ್ತಿನಲ್ಲಿ ಒಂದನ್ನೇ ಕೇಳಬೇಕಾಯಿತು, ಇಬ್ಬರಿಗೂ ತೃಪ್ತಿಯಿಲ್ಲ. ವಾದ್ಯಮೇಳಗಳು ಜನಪ್ರಿಯ ಹಾಡುಗಳನ್ನು ಮರುನುಡಿಸುವ ಪದ್ಧತಿಯೂ ಉಳಿದುಕೊಂಡಿತು. ಎಫ್‌ಎಂ ಪ್ರಸಾರದ ವಿಎಚ್‌ಎಫ್ ತರಂಗಪಟ್ಟಿಯ ಸ್ವಚ್ಛ ಧ್ವನಿ ರೇಡಿಯೊ 1ಕ್ಕೆ ತನ್ನದೆಂಬಂತೆ ದಕ್ಕಲು 1980ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಈ ನಿರ್ಬಂಧದ ಇನ್ನೊಂದು ಮುಖವನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ರೆಕಾರ್ಡ್ ಹಾಕಲಾಗದ ಹೊತ್ತನ್ನು ತುಂಬಲು ಬಿಬಿಸಿ ತಂಡಗಳನ್ನೇ ಸ್ಟುಡಿಯೊಗೆ ಕರೆಸಿ ಹಾಡಿಸಿತು. ಅಕ್ಟೋಬರ್ 1ರಂದು ಆರಂಭವಾದ ‘ಟಾಪ್ ಗಿಯರ್’ ಕಾರ್ಯಕ್ರಮದಲ್ಲಿ, ನಂತರದ ತಮ್ಮ ಕಾರ್ಯಕ್ರಮಗಳಲ್ಲಿ, ಜಾನ್ ಪೀಲ್ ಹೀಗೆ ಧ್ವನಿಮುದ್ರಿಸಿದ ಗೋಷ್ಠಿಗಳು ಆಗಿನ್ನೂ ಯಾರೂ ಕೇಳದ ಎಷ್ಟೋ ತಂಡಗಳಿಗೆ ಮೊದಲ ಮೆಟ್ಟಿಲಾದವು. ಪೀಲ್ 2004ರಲ್ಲಿ ತೀರಿಕೊಳ್ಳುವವರೆಗೂ ರೇಡಿಯೊ 1ರಲ್ಲೇ ಇದ್ದರು, ಆರಂಭದ ತಂಡದಲ್ಲಿ ಅಷ್ಟು ಕಾಲ ಅಲ್ಲಿ ಉಳಿದವರು ಇನ್ನೊಬ್ಬರಿಲ್ಲ. ಎವರೆಟ್‌ರನ್ನು 1970ರಲ್ಲಿ ಸಾರಿಗೆ ಸಚಿವರ ಹೆಂಡತಿಯ ಡ್ರೈವಿಂಗ್ ಪರೀಕ್ಷೆಯ ಬಗ್ಗೆ ಮಾಡಿದ ಒಂದು ಹಾಸ್ಯಕ್ಕಾಗಿ ಬಿಬಿಸಿ ಹೊರಹಾಕಿತು. ಕಡಲಿನ ಹುಡುಗರನ್ನು ಕರೆಸಿಕೊಂಡರೂ ಅವರ ನಾಲಿಗೆಯ ಸಲಿಗೆಯನ್ನು ಸಂಸ್ಥೆ ಪೂರ್ತಿ ಒಪ್ಪಿಕೊಂಡಿರಲಿಲ್ಲ. ಹೊಸ ವಾಹಿನಿಯ ಉದ್ಘಾಟನೆಗೆ ಮುನ್ನ ಬಿಬಿಸಿಯ ಕೇಂದ್ರ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸ್ ಪಕ್ಕದ ಚರ್ಚಿನ ಮೆಟ್ಟಿಲುಗಳ ಮೇಲೆ ತೆಗೆದ ನಿರೂಪಕರ ಪ್ರಸಿದ್ಧ ಗುಂಪುಚಿತ್ರದಲ್ಲಿ ಇರುವವರೆಲ್ಲ ಗಂಡಸರೇ. ಯುವಜನರ ವಾಹಿನಿಗೆ ಯುವತಿಯೊಬ್ಬಳ ಧ್ವನಿ ಬೇಕೆಂದು ಯಾರಿಗೂ ತೋಚಿರಲಿಲ್ಲ. ಆನಿ ನೈಟಿಂಗೇಲ್ 1970ರಲ್ಲಿ ಬರುವವರೆಗೂ ಅದು ಹಾಗೆಯೇ ಇತ್ತು.

ರೇಡಿಯೊ 2 ಲೈಟ್ ಪ್ರೋಗ್ರಾಂನ ಹಿರಿಯ ಕೇಳುಗರನ್ನು ಉಳಿಸಿಕೊಂಡಿತು. ರೇಡಿಯೊ 3 ಎಂಬ ಹೆಸರಿನಡಿ ಹಗಲಿನ ಶಾಸ್ತ್ರೀಯ ಸಂಗೀತದ ಮ್ಯೂಸಿಕ್ ಪ್ರೋಗ್ರಾಂ, ಸಂಜೆಯ ಥರ್ಡ್ ಪ್ರೋಗ್ರಾಂ ಮುಂತಾದವು ಒಂದೇ ತರಂಗಾಂತರದಲ್ಲಿ ಕೂಡಿ ನಡೆದವು. ಥರ್ಡ್ ಎಂಬ ಹೆಸರನ್ನು ಬಿಟ್ಟುಕೊಡಲು ಅದರ ಅಭಿಮಾನಿಗಳು ಒಪ್ಪದ್ದರಿಂದ ಅದು 1970ರವರೆಗೂ ಉಳಿಯಿತು. ಹೋಮ್ ಸರ್ವಿಸ್ ರೇಡಿಯೊ 4 ಆಯಿತು, ಕಾರ್ಯಕ್ರಮಗಳಲ್ಲಿ ಆಗ ಹೆಚ್ಚು ಬದಲಾವಣೆಯಿಲ್ಲ. ಆ ಡಿಸೆಂಬರ್ 22ರಂದು ಅಲ್ಲಿ ಸದ್ದಿಲ್ಲದೆ ಆರಂಭವಾದ ‘ಜಸ್ಟ್ ಎ ಮಿನಿಟ್’ ಮಾತ್ರ ಉಲ್ಲೇಖಾರ್ಹ. ತಡವರಿಸದೆ, ಮರುಕಳಿಸದೆ, ದಾರಿ ತಪ್ಪದೆ ಒಂದು ನಿಮಿಷ ಮಾತಾಡುವ ಈ ಆಟವನ್ನು ನಿಕೊಲಸ್ ಪಾರ್ಸನ್ಸ್ ಐವತ್ತು ವರ್ಷಕ್ಕೂ ಮೀರಿ ನಡೆಸಿಕೊಟ್ಟರು. ಕಾರ್ಯಕ್ರಮಗಳಿಗಿಂತ ಅಂಕಿಗಳೇ ಇಲ್ಲಿ ಮುಖ್ಯ. ಹೇಲಿಯ ಪಿರಮಿಡ್ಡಿನಲ್ಲಿ ಕೆಳಗಿನವನು ಮೇಲೇರಬೇಕಿತ್ತು. ಒಂದರಿಂದ ನಾಲ್ಕರವರೆಗಿನ ಅಂಕಿಗಳಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ರುಚಿಗೊಂದು ವಾಹಿನಿ, ಅವರವರು ಅವರವರ ಜಾಗದಲ್ಲಿ. ಬ್ಯಾಲೆ ಸಂಗೀತ ಕೇಳಲು ಕುಳಿತವನಿಗೆ ಆಕಸ್ಮಿಕವಾಗಿ ಹಾಸ್ಯ ನಾಟಕವೂ, ಹಾಸ್ಯ ಬಯಸಿದವನಿಗೆ ಆಕಸ್ಮಿಕವಾಗಿ ಸಿಂಫನಿಯೂ ಕಿವಿಗೆ ಬೀಳುವ ಸಂಭವ ಅಲ್ಲಿಂದ ಕಡಿಮೆಯಾಗುತ್ತ ಹೋಯಿತು. ಇದನ್ನು ಪ್ರಜಾಸತ್ತೆಯೆಂದು ಕೆಲವರು ಮೆಚ್ಚಿದರು, ಕೈಚೆಲ್ಲುವಿಕೆಯೆಂದು ಕೆಲವರು ಮರುಗಿದರು. ಎರಡೂ ಮಾತಿನಲ್ಲಿ ಹುರುಳಿದೆ.

ಭಾರತದ ಓದುಗರಿಗೆ ಈ ಕಥೆ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ಮರೆಯಾದವು, ಕೇಳುಗರು ಸಮುದ್ರದಾಚೆಯ ರೇಡಿಯೊ ಸಿಲೋನ್‌ನ ಬಿನಾಕಾ ಗೀತಮಾಲಾಕ್ಕೆ ಹೋದರು. ಅವರನ್ನು ಮರಳಿ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಈ ಪಾಠವನ್ನು ದೆಹಲಿ ಲಂಡನ್ನಿಗಿಂತ ಹತ್ತು ವರ್ಷ ಮೊದಲೇ ಕಲಿತಿತ್ತು. ಇನ್ನೂ ಮುಂದೆ ಹೋಗಿ, ರೇಡಿಯೊ 1 ಆರಂಭವಾದ ಒಂದೇ ತಿಂಗಳ ಅಂತರದಲ್ಲಿ, 1967ರ ನವೆಂಬರ್ 1ರಂದು, ವಿವಿಧ ಭಾರತಿಯಲ್ಲಿ ಜಾಹೀರಾತಿಗೂ ಅವಕಾಶವಾಯಿತು. ಲಂಡನ್ ಆ ಹೆಜ್ಜೆ ಇಡಲು ಹಿಂಜರಿಯುತ್ತಲೇ ಇತ್ತು.

ಅದೇ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಬಂದದ್ದು ಸ್ಥಳೀಯ ರೇಡಿಯೊ. ಇದರ ಹಿಂದೆ ಇದ್ದವರು ಯುದ್ಧ ವರದಿಗಾರರಾಗಿ ಹೆಸರಾಗಿದ್ದ, ಆಗ ಬಿಬಿಸಿಯ ಧ್ವನಿಪ್ರಸಾರದ ಮುಖ್ಯಸ್ಥರಾಗಿದ್ದ ಫ್ರ್ಯಾಂಕ್ ಗಿಲಾರ್ಡ್. 1950ರ ದಶಕದಲ್ಲಿ ಅಮೆರಿಕದಲ್ಲಿ ಸುತ್ತುವಾಗ ಸಣ್ಣ ಸಣ್ಣ ಊರಿನ ಕೇಂದ್ರಗಳು ಆ ಊರಿನ ಮಾತನ್ನೇ ಆಡುವುದನ್ನು ಅವರು ಕಂಡಿದ್ದರು. ಸರ್ಕಾರ ಪ್ರಯೋಗಕ್ಕಷ್ಟೇ ಒಪ್ಪಿತು, ಹಣ ಕೊಡಲಿಲ್ಲ. ಖರ್ಚಿಗೆ ಆಯಾ ನಗರಸಭೆಗಳೂ ಕೈಜೋಡಿಸಬೇಕಿತ್ತು. ಪೋಸ್ಟ್‌ಮಾಸ್ಟರ್ ಜನರಲ್ ಶಾರ್ಟ್ ನವೆಂಬರ್ 8ರಂದು ಲೆಸ್ಟರ್ ಕೇಂದ್ರವನ್ನು ಉದ್ಘಾಟಿಸಿದರು. ಮುಂದಿನ ಎರಡು ವಾರಗಳಲ್ಲಿ ಶೆಫೀಲ್ಡ್ ಮತ್ತು ಮರ್ಸಿಸೈಡ್, 1968ರಲ್ಲಿ ನಾಟಿಂಗ್‌ಹ್ಯಾಮ್, ಬ್ರೈಟನ್, ಸ್ಟೋಕ್, ಲೀಡ್ಸ್, ಡರ್ಹ್ಯಾಮ್ ಸೇರಿಕೊಂಡವು. ಎಲ್ಲವೂ ವಿಎಚ್‌ಎಫ್‌ನಲ್ಲಿ ಮಾತ್ರ. ಜನರ ಕೈಯಲ್ಲಿದ್ದ ಅಗ್ಗದ ಟ್ರಾನ್ಸಿಸ್ಟರ್‌ಗಳಲ್ಲಿ ಹೆಚ್ಚಿನವಕ್ಕೆ ಆ ತರಂಗಪಟ್ಟಿಯೇ ಇರಲಿಲ್ಲ, ಹಾಗಾಗಿ ತನ್ನ ಊರಿನ ಕೇಂದ್ರ ಕೇಳಲು ಹೊಸ ಪೆಟ್ಟಿಗೆ ಕೊಳ್ಳಬೇಕಿತ್ತು. ನಗರಸಭೆಯ ಚರ್ಚೆ, ಶಾಲೆಯ ಸುದ್ದಿ, ಸ್ಥಳೀಯ ಫುಟ್‌ಬಾಲ್, ಕಾಣೆಯಾದ ನಾಯಿ ಇವಕ್ಕೆ ಅಷ್ಟು ಖರ್ಚು ಮಾಡುವವರು ಮೊದಮೊದಲು ಕಡಿಮೆ.

ಆದರೂ ಆ ವರ್ಷದ ಕೆಲಸಗಳಲ್ಲಿ ಭಾರತೀಯ ಮೂಲದವರಿಗೆ ಕೊನೆಗೆ ಹತ್ತಿರವಾದದ್ದು ಲೆಸ್ಟರೇ. ಪೂರ್ವ ಆಫ್ರಿಕಾದಿಂದ, ಅದರಲ್ಲೂ 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಮೇಲೆ, ಗುಜರಾತಿ ಮತ್ತಿತರ ಕುಟುಂಬಗಳು ಸಾವಿರಗಟ್ಟಲೆ ಆ ನಗರ ಸೇರಿದವು. ಅವರಿಗಾಗಿ ರೇಡಿಯೊ ಲೆಸ್ಟರ್ 1970ರ ದಶಕದ ಮಧ್ಯದಲ್ಲಿ ನಿತ್ಯದ ಸಂಜೆ ಕಾರ್ಯಕ್ರಮ ಆರಂಭಿಸಿತು. ಅದೇ ಬೆಳೆದು ಏಷ್ಯನ್ ನೆಟ್‌ವರ್ಕ್ ಆಗಿ, 2002ರಲ್ಲಿ ಡಿಜಿಟಲ್ ಮೂಲಕ ಇಡೀ ಬ್ರಿಟನ್ನಿಗೆ ಕೇಳುವ ಬಿಬಿಸಿ ವಾಹಿನಿಯಾಯಿತು. ಆ ವಾಹಿನಿಯ ಮೂಲ ಲಂಡನ್ನಿನ ಯೋಜನಾ ಕೊಠಡಿಯಲ್ಲಿಲ್ಲ, ಊರಿಗೆ ಬಂದವರನ್ನು ಊರಿನ ಕೇಂದ್ರ ಕಣ್ಣಾರೆ ಕಂಡದ್ದರಲ್ಲಿದೆ.

1967ರಲ್ಲಿ ಅರೆಬರೆಯಾಗಿ ಉಳಿದ ಕೆಲಸಗಳನ್ನು ಮುಂದಿನ ವರ್ಷಗಳು ಪೂರೈಸಿದವು. 1969ರ ಜುಲೈನಲ್ಲಿ ಬಿಬಿಸಿ ಹೊರತಂದ ಎಪ್ಪತ್ತರ ದಶಕದ ಯೋಜನೆ ಶಾಸ್ತ್ರೀಯ ಸಂಗೀತವನ್ನು ರೇಡಿಯೊ 3ಕ್ಕೆ, ಮಾತನ್ನು ಮುಖ್ಯವಾಗಿ ರೇಡಿಯೊ 4ಕ್ಕೆ ಹಂಚಿತು. 1970ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ಹಂಚಿಕೆಯ ವಿರುದ್ಧ ಬಿಬಿಸಿಯ ಒಳಗಿನವರೇ ದನಿಯೆತ್ತಿದ್ದರು. 1971ರ ಫೆಬ್ರುವರಿಯಲ್ಲಿ ರೇಡಿಯೊಗೆಂದೇ ಇದ್ದ ಲೈಸೆನ್ಸ್ ರದ್ದಾಗಿ ಎಲ್ಲ ಭಾರವೂ ಟಿವಿ ಲೈಸೆನ್ಸಿನ ಮೇಲೆ ಬಿತ್ತು. ಕಡಲಿನಲ್ಲಿ ತಡೆಹಿಡಿದ ಜಾಹೀರಾತು ರೇಡಿಯೊ ಕನ್ಸರ್ವೇಟಿವ್ ಸರ್ಕಾರದ 1972ರ ಕಾಯ್ದೆಯ ಮೂಲಕ ನೆಲದ ಮೇಲೆ ಅಧಿಕೃತವಾಗಿಯೇ ಬಂತು: 1973ರ ಅಕ್ಟೋಬರ್ 8ರಂದು ಲಂಡನ್ನಿನ ಸುದ್ದಿ ಕೇಂದ್ರ ಎಲ್‌ಬಿಸಿ, ಅಕ್ಟೋಬರ್ 16ರಂದು ಸಂಗೀತ ಕೇಂದ್ರ ಕ್ಯಾಪಿಟಲ್. ಎರಡು ವರ್ಷ ತುಂಬುವ ಮೊದಲೇ ಕ್ಯಾಪಿಟಲ್‌ನ ಬೆಳಗಿನ ಕಾರ್ಯಕ್ರಮವನ್ನು ನಡೆಸಿ ಜನಪ್ರಿಯಗೊಳಿಸಿದವರಲ್ಲಿ, ಬಿಬಿಸಿ ಹೊರಹಾಕಿದ್ದ ಕೆನ್ನಿ ಎವರೆಟ್ ಒಬ್ಬರು.